ನಿರ್ಜನ ದ್ವೀಪ ಮತ್ತು ಮೀನು ತಂದ ದೋಣಿಗಳು

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಬಗ್ಗೆ ಕನ್ನಡದಲ್ಲಿ ಬಂದಿರುವ ಪ್ರವಾಸ ಲೇಖನಗಳನ್ನು ಸಾಲಾಗಿ ಓದಿದರೆ ಒಂದನ್ನೇ ಮತ್ತೆ ಮತ್ತೆ ಓದಿದಂತಾಗುತ್ತದೆ. ದೋಣಿ ಏರಿದ್ದು, ಕಂಬಗಳಂತೆ ನಿಂತ ಬಂಡೆ ಕಂಡು ಬೆರಗಾದದ್ದು, ವಾಸ್ಕೋ ಡ ಗಾಮನನ್ನು ನೆನೆದದ್ದು, ಕೊನೆಗೆ ಕಸ ಎಸೆಯುವವರ ಮೇಲೆ ರೇಗಿದ್ದು. ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿ ಇಂಥವನ್ನು ಗುಡ್ಡೆ ಹಾಕಿಕೊಂಡಿದ್ದೇನೆ. ಇವುಗಳಲ್ಲಿ ಪದೇ ಪದೇ ಎದುರಾಗುವ ಒಂದು ವಿಶೇಷಣದ ಬಗ್ಗೆ ನನ್ನ ತಕರಾರು: ‘ನಿರ್ಜನ’.

ಕಲ್ಲಿನ ವಿಷಯಕ್ಕೆ ಮೊದಲು ಬರೋಣ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಅನೇಕರು ‘ಬಸಾಲ್ಟ್’ ಎಂದು ಬರೆದು ದಖನ್ನಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯದು. ದಖನ್ನಿನ ಲಾವಾ ಹರಿದದ್ದು ಇದಾದ ಸುಮಾರು ಎರಡು ಕೋಟಿ ವರ್ಷಗಳ ಮೇಲೆ. ಕಂಬಗಳ ಆಕಾರವನ್ನು ‘ಶಿಲ್ಪಿ ಕೆತ್ತಿದಂತೆ’ ಎಂದು ಮುಗಿಸುವವರು ಇಲ್ಲಿಂದ ಕೂಗಳತೆಯಲ್ಲಿರುವ ಪೀಣ್ಯಕ್ಕೆ ಬರಬೇಕು. ಕರಗಿದ ಲೋಹ ಆರುವಾಗ ಕುಗ್ಗುತ್ತದೆಂದು ಎರಕ ಹೊಯ್ಯುವವರಿಗೆ ಗೊತ್ತು. ಅದಕ್ಕೇ ಅಚ್ಚಿನ ಮಾದರಿಯನ್ನು ಬೇಕಾದ ಅಳತೆಗಿಂತ ಕೊಂಚ ದೊಡ್ಡದಾಗಿ ಮಾಡುತ್ತಾರೆ. ಲಾವಾ ಕೂಡ ಆರುತ್ತ ಕುಗ್ಗಿ ಬಿರಿಯಿತು. ಬಿರುಕುಗಳು ಒಂದಕ್ಕೊಂದು ಕೂಡಿ ಐದು, ಆರು ಮೂಲೆಯ ಕಂಬಗಳಾದವು. ಬೆರಗು ಇದರಿಂದ ಕಡಿಮೆಯೇನೂ ಆಗುವುದಿಲ್ಲ.

ಇತಿಹಾಸಕ್ಕೆ ಬಂದರೆ ಎಡವಟ್ಟು ಇನ್ನೂ ದೊಡ್ಡದು. ಗಾಮ ಭಾರತಕ್ಕೆ ಬರುತ್ತ ಮೊದಲು ಇಲ್ಲಿಳಿದು, ಆಮೇಲೆ ಕೇರಳಕ್ಕೆ ಹೋದನೆಂಬ ಕಥೆ ಲೇಖನದಿಂದ ಲೇಖನಕ್ಕೆ ದಾಟುತ್ತಿದೆ. ಅವನ ಹಡಗಿನಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿ ಬೇರೆಯೇ ಹೇಳುತ್ತದೆ. ಗಾಮ ಕಲ್ಲಿಕೋಟೆ ತಲುಪಿದ್ದು 1498ರ ಮೇ ತಿಂಗಳಲ್ಲಿ. ಸಾಮೂದಿರಿಯೊಂದಿಗೆ ಮನಸ್ತಾಪ ಕಟ್ಟಿಕೊಂಡು ಹಿಂದಿರುಗುವಾಗ, ಸೆಪ್ಟೆಂಬರಿನಲ್ಲಿ, ದಡದಿಂದ ತುಸು ದೂರದ ನಡುಗಡ್ಡೆಯೊಂದರಲ್ಲಿ ಅವನು ಕಲ್ಲುಕಂಬ ನೆಟ್ಟ. ದೊರೆ ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಅದು ಕೊನೆಯದು, ಹೆಸರು ಸಾಂತಾ ಮರಿಯಾ. ದಿನಚರಿ ಮಲ್ಪೆಯ ಹೆಸರು ಹೇಳುವುದಿಲ್ಲ. ಆ ನಡುಗಡ್ಡೆ ಇದೇ ಎಂಬುದು ರೂಢಿಯಾಗಿ ಬಂದ ಮಾತು.

ನನಗೆ ಮುಖ್ಯವೆನಿಸುವುದು ಆ ದಿನಚರಿಯ ಮುಂದಿನ ಮಾತುಗಳು. ಮೀನು ಹೊತ್ತ ದೋಣಿಗಳು ಹಡಗಿನ ಬಳಿಗೆ ಬಂದವು. ಗಾಮ ಆ ಜನರಿಗೆ ಅಂಗಿಗಳನ್ನು ಕೊಟ್ಟ, ಇಲ್ಲಿ ಕಂಬ ನೆಡಲೇ ಎಂದು ಕೇಳಿದ. ಅವರು ಸಂತೋಷದಿಂದ ಒಪ್ಪಿದರಂತೆ, ಪೋರ್ಚುಗೀಸರೂ ತಮ್ಮಂತೆಯೇ ಕ್ರೈಸ್ತರೆಂದು ಅದರಿಂದ ಖಚಿತವಾಗುತ್ತದೆಂದು! ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನೇ ಇಗರ್ಜಿಯೆಂದು ತಿಳಿದು ಕೈಮುಗಿದವರ ಬರಹವಿದು. ಮೀನುಗಾರರು ಯಾವ ಭಾಷೆಯಲ್ಲಿ ಏನೆಂದರೋ, ಕೇಳಿಸಿಕೊಂಡವರು ತಮಗೆ ಬೇಕಾದ ಉತ್ತರವನ್ನು ಬರೆದುಕೊಂಡಿರಬೇಕು. ಆದರೂ, ವಸಾಹತಿನ ಕಣ್ಣೆಂದು ನಾವು ಬೈಯುವ ಆ ಬರಹದಲ್ಲಿ ಜನರಿದ್ದಾರೆ, ದೋಣಿಯಿದೆ, ಅನುಮತಿ ಕೇಳುವ ಶಾಸ್ತ್ರವಾದರೂ ಇದೆ. ಐದು ಶತಮಾನ ಕಳೆದ ಮೇಲೆ ನಮ್ಮವರೇ ಬರೆದ ಲೇಖನಗಳಲ್ಲಿ ಆ ದೋಣಿಗಳು ಮಾಯ. ದ್ವೀಪದ ಮೇಲೆ ಮನೆಗಳಿಲ್ಲ, ನಿಜ. ಮನೆ ಕಾಣದಿದ್ದರೆ ‘ನಿರ್ಜನ’ ಎನ್ನುವುದು ಘಟ್ಟದ ಮೇಲಿನ ನಮ್ಮ ಅಭ್ಯಾಸ. ಮೊಗವೀರರಿಗೆ ಆ ಸುತ್ತಲಿನ ನೀರೇ ದುಡಿಮೆಯ ಜಾಗ.

ಜೀವಜಗತ್ತಿನ ಗತಿಯೂ ಅಷ್ಟೇ. ಬಹುಪಾಲು ಲೇಖನಗಳಲ್ಲಿ ‘ಬಗೆಬಗೆಯ ಹಕ್ಕಿಗಳು’ ಎಂಬಲ್ಲಿಗೆ ಅದು ಮುಗಿಯುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಕಡಲಹಕ್ಕಿಗಳು ಮೀನುದೋಣಿಗಳ ಬೆನ್ನು ಹತ್ತಿ ಹಾರುತ್ತವೆ. ಹಕ್ಕಿಯನ್ನು ಸರಿಯಾಗಿ ನೋಡಿದ್ದರೂ ದೋಣಿ ಕಾಣುತ್ತಿತ್ತು. ಮೀನು ಹಿಡಿಯುವ ಹುಚ್ಚಿದ್ದ ತೇಜಸ್ವಿಯವರು ‘ಅಲೆಮಾರಿಯ ಅಂಡಮಾನ್’ ಬರೆದ ಭಾಷೆ ಇದು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಈ ದ್ವೀಪಕ್ಕೆ ತೋನ್ಸೆಪಾರ್ ಎಂಬ ಇನ್ನೊಂದು ಹೆಸರಿದೆ. ತೋನ್ಸೆ ಮಲ್ಪೆಗೆ ಉತ್ತರದಲ್ಲಿರುವ ಊರು. ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಆ ಹೆಸರನ್ನು ಕಂಸದೊಳಗೆ ಹಾಕಿ ಮುಂದೆ ಹೋಗಿವೆ.