ಹಿರಿಯ ಸಂಸ್ಥೆಯೂ ಕಿರಿಯ ಜಾಲಗಳೂ: ಒಂದು ವಾದದ ವಿಮರ್ಶೆ

ಚಿತ್ರದುರ್ಗದ ಕೋಟೆಯನ್ನು ಕಂಡವರಿಗೆ ಅಲ್ಲಿಯ ಹೊಂಡಗಳ ಏರ್ಪಾಡು ನೆನಪಿರಬಹುದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಹೊಂಡಗಳಿಗೂ ಹರಿಯುತ್ತದೆ. ಪ್ರತಿಯೊಂದಕ್ಕೂ ತನ್ನದೇ ಕಟ್ಟೆಯುಂಟು. ನೀರು ಮಾತ್ರ ಒಂದೇ. ವಿಕೇಂದ್ರೀಕೃತ ಸಮಾಜಜಾಲವೆಂದರೇನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಹೊಂಡಗಳನ್ನೇ ತೋರಿಸುವುದುಂಟು. 2016ರಲ್ಲಿ ಆರಂಭವಾದ ಮಾಸ್ಟೊಡಾನ್ ಈ ಬಗೆಯದು. ಯಾರು ಬೇಕಾದರೂ ತಮ್ಮದೇ ಸರ್ವರ್ ಸ್ಥಾಪಿಸಿ, ತಮ್ಮದೇ ನಿಯಮಗಳನ್ನು ಮಾಡಿಕೊಳ್ಳಬಹುದು. ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮಾವಳಿಯ ಬಲದಿಂದ ಒಂದೆಡೆಯ ಬರಹ ಇನ್ನೊಂದೆಡೆಗೆ ತಲುಪುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ ಅನೇಕ ಭಾರತೀಯರು ಈ ಜಾಲವನ್ನು ಮೊದಲ ಬಾರಿಗೆ ಅರಸಿ ಹೋದರು.

2023ರ ಜುಲೈಯಲ್ಲಿ ಮೆಟಾ ಸಂಸ್ಥೆ ಥ್ರೆಡ್ಸ್ ಎಂಬ ಜಾಲವನ್ನು ತೆರೆದು, ತಾನೂ ಇದೇ ನಿಯಮಾವಳಿಯನ್ನು ಅಳವಡಿಸಿಕೊಳ್ಳುವುದಾಗಿ ಸಾರಿತು. ಐದೇ ದಿನಗಳಲ್ಲಿ ಹತ್ತು ಕೋಟಿ ಜನ ಅದನ್ನು ಸೇರಿದರು. ಡಿಸೆಂಬರಿನಲ್ಲಿ ಕಿರಿಯ ಜಾಲಗಳೊಡನೆ ಸಂಪರ್ಕದ ಪ್ರಯೋಗವೂ ನಡೆಯಿತು. ಕೆಲವು ಸರ್ವರುಗಳ ನಿರ್ವಾಹಕರು ಮೊದಲೇ ಬಾಗಿಲು ಹಾಕಿಕೊಂಡರು. ಮಾಸ್ಟೊಡಾನಿನ ಸ್ಥಾಪಕ ಯೂಜೆನ್ ರಾಚ್ಕೊ ಮಾತ್ರ ಇದನ್ನು ಸ್ವಾಗತಿಸಿದರು. ಅವರ ವಾದಗಳಲ್ಲಿ ಒಂದು ಇತಿಹಾಸಕ್ಕೆ ಸಂಬಂಧಿಸಿದ್ದು, ಆದುದರಿಂದ ಅದು ನಮ್ಮ ಪರಿಶೀಲನೆಗೆ ಒಳಪಡತಕ್ಕದ್ದು. ಮೆಟಾ ಮುಂದೆಂದಾದರೂ ನಿಯಮಾವಳಿಯನ್ನು ಕೈಬಿಟ್ಟರೂ ಕಿರಿಯ ಜಾಲಗಳು ಇಂದಿರುವ ಸ್ಥಿತಿಗೇ ಮರಳುತ್ತವೆ, ಅಷ್ಟೇ ಎಂಬುದು ಅದರ ತಾತ್ಪರ್ಯ.

ಈ ಮಾತಿಗೆ ಪೂರ್ವೋದಾಹರಣೆಯ ಆಧಾರ ಸಾಲದು. 2005ರಲ್ಲಿ ಗೂಗಲ್ ಟಾಕ್ ಎಕ್ಸ್‌ಎಂಪಿಪಿ ಎಂಬ ಮುಕ್ತ ನಿಯಮಾವಳಿಯೊಡನೆ ಬಂದಿತು. 2006ರಲ್ಲಿ ಅನ್ಯ ಸರ್ವರುಗಳಿಗೂ ತೆರೆಯಿತು. 2013ರಲ್ಲಿ ಅದರ ಸ್ಥಾನಕ್ಕೆ ಬಂದ ಹ್ಯಾಂಗ್‌ಔಟ್ಸ್‌ನಲ್ಲಿ ಆ ಸೌಕರ್ಯವಿರಲಿಲ್ಲ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದಂತೆ ಇಲ್ಲಿ ಯಾರೂ ಯಾರ ಕೋಟೆಯನ್ನೂ ಮುತ್ತಲಿಲ್ಲ. ಎಕ್ಸ್‌ಎಂಪಿಪಿ ಈಗಲೂ ಬದುಕಿದೆ. ಅದನ್ನು ಕೊಲೆಯೆಂದು ಬಣ್ಣಿಸುವವರು ಅತಿಶಯೋಕ್ತಿ ಮಾಡುತ್ತಾರೆ; ಗೂಗಲ್ ಬರುವ ಮುನ್ನ ಅದು ತಜ್ಞರ ವಲಯವನ್ನು ಬಿಟ್ಟು ಹೊರಬಂದಿರಲಿಲ್ಲ ಎಂದು ರಾಚ್ಕೊ ಹೇಳುವುದು ಬಹುಮಟ್ಟಿಗೆ ಸರಿಯೇ. ಆದರೆ ಆ ಏಳು ವರ್ಷಗಳಲ್ಲಿ ಗೆಳೆಯರೆಲ್ಲ ಗೂಗಲಿನ ಕಡೆ ಇದ್ದವನಿಗೆ, ಸಂಪರ್ಕ ಕಡಿದ ದಿನ, 2005ರ ಸ್ಥಿತಿ ಮರಳಿ ದೊರೆಯಲಿಲ್ಲ. ಗೆಳೆಯರು ಬೇಕಾದರೆ ಅವನೂ ಅಲ್ಲಿಗೇ ಹೋಗಬೇಕಾಯಿತು.

ಹಿರಿಯೂರಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಕೆರೆಯ ಕೋಡಿಯನ್ನು ನಂಬಿ ಬೆಳೆ ಬದಲಾಯಿಸಿದವನು ತನ್ನ ಕೆರೆಗೆ ಮಳೆನೀರು ತರುವ ಕಾಲುವೆಯ ಹೂಳನ್ನು ತೆಗೆಯುವುದನ್ನು ಮರೆಯುತ್ತಾನೆ. ಕೋಡಿ ನಿಂತಾಗ ಅವನಿಗುಳಿಯುವುದು ಹಳೆಯ ಕೆರೆಯಲ್ಲ, ಹೂಳು ತುಂಬಿದ ಕೆರೆ. ರಾಚ್ಕೊ ಅವರು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಈ ನಡುಗಾಲವನ್ನು. ಮಾಸ್ಟೊಡಾನಿಗೆ ಸ್ವಂತ ಹೆಸರಿದೆಯೆಂಬ ಅವರ ಸಮಾಧಾನ ಈ ಆಕ್ಷೇಪವನ್ನು ಮುಟ್ಟುವುದಿಲ್ಲ.

ಬಾಗಿಲು ಮುಚ್ಚಬೇಕೆಂದು ನಾನು ವಾದಿಸುತ್ತಿಲ್ಲ. ಜೀಮೇಲ್ ಎಷ್ಟು ಬೆಳೆದರೂ ಇತರರ ಮಿಂಚಂಚೆ ನಿಂತಿಲ್ಲ. ಆದರೆ ನಮ್ಮದೇ ಸ್ಥಿತಿಯನ್ನು ನೋಡೋಣ. ಹೊಸದುರ್ಗ, ಹೊಳಲ್ಕೆರೆಗಳ ಅಧ್ಯಾಪಕ ಮಿತ್ರರು ಊರೂರು ತಿರುಗಿ ತೆಗೆದ ಶಾಸನಗಳ, ವೀರಗಲ್ಲುಗಳ ಚಿತ್ರಗಳನ್ನು ಹಂಚಿಕೊಳ್ಳುವುದು ಅದೇ ಮೆಟಾದ ವಾಟ್ಸಾಪ್ ಗುಂಪಿನಲ್ಲಿ. ಹಳೆಯ ಚಿತ್ರಗಳಲ್ಲಿ ಹಲವು ಈಗ ತೆರೆಯುವುದೇ ಇಲ್ಲ. ಮೂಲಪ್ರತಿಗಳಿದ್ದ ಫೋನುಗಳೂ ಬದಲಾಗಿವೆ. ಉಳಿದವುಗಳನ್ನು ಊರು, ದಿನಾಂಕಗಳ ಸಹಿತ ನಮ್ಮ ಗಣಕದಲ್ಲಿ ಸೇರಿಸಿಡುವ ಕೆಲಸವನ್ನು ಈ ವರ್ಷ ಆರಂಭಿಸಿದ್ದೇವೆ.