ಕಿಟ್ಟೆಲರ ನಿಘಂಟು

ಭದ್ರಾ ಅಣೆಕಟ್ಟಿನ ನೆರೆಯ ಲಕ್ಕವಳ್ಳಿಯಂಥ ಊರಿನಲ್ಲಿ ಕುಳಿತು ಹಳಗನ್ನಡ ಕಾವ್ಯವನ್ನೋದುವವನಿಗೆ ಇಂದಿಗೂ ಕೈಹಿಡಿದು ನಡೆಸುವ ಗ್ರಂಥವೊಂದುಂಟು. ಅದು ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನೆಂಡ್ ಕಿಟ್ಟೆಲರು ರಚಿಸಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟು. ಸುವಾರ್ತೆಯನ್ನು ಸಾರಲೆಂದು 1853ರಲ್ಲಿ ಬಂದ ಈ ಜರ್ಮನ್ ವಿದ್ವಾಂಸರು, ತಾವು ಬೋಧಿಸಬೇಕಾದ ಜನರ ನುಡಿಯನ್ನು ಮೊದಲು ಶಿಷ್ಯಭಾವದಿಂದ ಕಲಿತು, ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ, ಅನ್ಯಮತೀಯ ಕವಿಗಳ ಪ್ರಯೋಗಗಳನ್ನೂ ಹಳ್ಳಿಯ ಗಾದೆಗಳನ್ನೂ ಸಮಾನ ಗೌರವದಿಂದ ಸಂಗ್ರಹಿಸಿದರು. ಪದಪದಕ್ಕೂ ಆಕರವನ್ನರಸಿ ಸೂಚಿಸುವ ಆ ಪುಟಗಳ ಶಿಸ್ತೇ ಕರ್ತೃವಿನ ಸತ್ಯನಿಷ್ಠೆಗೆ ಸಾಕ್ಷಿ. ಧರ್ಮಸೇವಕನ ನಿಷ್ಕಾಪಟ್ಯವು ವೇದಿಕೆಯ ವಾಗ್ವೈಭವದಲ್ಲಲ್ಲ, ಯಾರೂ ಕಾಣದ ದೀರ್ಘ ದುಡಿಮೆಯಲ್ಲಿಯೇ ಪರೀಕ್ಷಿಸಲ್ಪಡುವುದು. ಕಿಟ್ಟೆಲರು ಆ ಪರೀಕ್ಷೆಯಲ್ಲಿ ಉತ್ತೀರ್ಣರಾದರೆಂಬುದಕ್ಕೆ ಕನ್ನಡಿಗರೇ ಪ್ರಮಾಣ.