ದಯಾಮರಣದ ಅರ್ಜಿಯನ್ನು ಹೇಗೆ ಓದಬೇಕು?

ನಮ್ಮ ವಿಮರ್ಶಕರು ಕತೆ ಓದಿದ್ದಾರೆ, ಕಾವ್ಯ ಓದಿದ್ದಾರೆ, ಕಲ್ಲಿನ ಮೇಲಿನ ಶಾಸನವನ್ನೂ ಬಿಟ್ಟಿಲ್ಲ. ಆದರೆ ಬಡವರೇ ಹುಟ್ಟುಹಾಕಿದ ಒಂದು ಬರವಣಿಗೆ ಕನ್ನಡದಲ್ಲಿದೆ. ಅದನ್ನು ಎಷ್ಟು ಜನ ಗಮನವಿಟ್ಟು ಓದಿದ್ದಾರೆ? ಅದರ ಹೆಸರು 'ದಯಾಮರಣ ಕೋರಿ ಅರ್ಜಿ'. ಪಿಂಚಣಿ ನಿಂತವರು, ಹಕ್ಕುಪತ್ರ ಸಿಗದವರು, ಕಾಯಿಲೆಯ ಮಗುವನ್ನು ಹೊತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಸೋತವರು ಜಿಲ್ಲಾಧಿಕಾರಿಗೋ ರಾಷ್ಟ್ರಪತಿಗೋ ಬರೆಯುವ ಒಂದು ಪುಟ ಅದು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬರುತ್ತದೆ. ಮಾರನೇ ದಿನ ಅದೇ ಪತ್ರಿಕೆಯಲ್ಲಿ ಮೀನು ಕಟ್ಟುತ್ತಾರೆ.

ಈಗ ಇದನ್ನು ಓದಬೇಕಾದ ಕಾಲ ಬಂದಿದೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ 'ಘನತೆಯಿಂದ ಸಾಯುವ ಹಕ್ಕಿನ' ಸುತ್ತೋಲೆ ಹೊರಡಿಸಿತು. ಅಂದಿನಿಂದ ಪೇಟೆಯ ವಿಚಾರವಂತರಲ್ಲಿ ಚರ್ಚೆ ನಡೆದಿದೆ. ಯುರೋಪಿನ ಕೆಲವು ದೇಶಗಳಲ್ಲಿ ಖಿನ್ನತೆ ಇರುವವರಿಗೂ, ಆಟಿಸಂ ಇರುವವರಿಗೂ ವೈದ್ಯರೇ ಸಾವು ಕೊಡಬಹುದಂತೆ, ನಮ್ಮಲ್ಲಿ ಯಾಕಾಗಬಾರದು ಎಂದು ಪ್ರಗತಿಪರ ಗೆಳೆಯರೇ ಕೇಳುತ್ತಿದ್ದಾರೆ. ಕೇಳಲಿ. ಆದರೆ ಮೊದಲು ಮೂರು ಬರಹಗಳನ್ನು ಪಕ್ಕಪಕ್ಕ ಇಟ್ಟು ಓದೋಣ.

ಮೊದಲನೆಯದು ಅರ್ಜಿ. ಬಸ್ರೂರಿನಂಥ ಊರಲ್ಲಿ ನಮ್ಮ ಕೇರಿಯಿಂದ ಮೊದಲು ಡಿಗ್ರಿ ಮಾಡಿದವರೇ ಊರಿನ ಅರ್ಜಿ ಬರಹಗಾರರು. ಕವಿತೆಗಿಂತ ಮೊದಲು ನಾವು ಬರೆದದ್ದು ಅರ್ಜಿ. ಒಬ್ಬ ಅಜ್ಜಿ ನಮ್ಮ ಹತ್ತಿರ ಹೇಳಿದ್ದಿಷ್ಟು: "ದಯಾಮರಣ ಬೇಕ್ ಅಂದ್ಹೇಳಿ ಬರಿ ಮಗಾ, ಹಾಂಗಾರೂ ಓದ್ತ್ರ್." ಈ ಒಂದು ಮಾತಿನಲ್ಲಿ ಇಡೀ ಪ್ರಕಾರದ ಕಾವ್ಯಮೀಮಾಂಸೆ ಇದೆ. ಅಜ್ಜಿ ಕೇಳಿದ್ದು ಸಾವನ್ನಲ್ಲ, ನಿಂತುಹೋದ ಪಿಂಚಣಿಯನ್ನು. ಬದುಕು ಕೊಡಿ ಅಂತ ಬರೆದರೆ ಕಚೇರಿಗೆ ಕಿವಿ ಕೇಳುವುದಿಲ್ಲ, ಸಾವು ಕೊಡಿ ಅಂದರೆ ಒಂದು ಗಳಿಗೆಯಾದರೂ ತಲೆ ಎತ್ತಿ ನೋಡುತ್ತಾರೆ ಎಂದು ಆಕೆಗೆ ಗೊತ್ತಿದೆ. 'ದಯೆ' ಎಂಬ ಪದವನ್ನು ಇಷ್ಟು ವ್ಯಂಗ್ಯವಾಗಿ ನಮ್ಮ ನವ್ಯದವರೂ ಬಳಸಲಿಲ್ಲ ಬಿಡಿ.

ಕಾನೂನಿಗೆ ಮಾತ್ರ ಈ ವ್ಯಂಗ್ಯ ಅರ್ಥವಾಗುವುದಿಲ್ಲ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಂ ಹೋಯಿತು. ಒಳ್ಳೆಯದಾಯಿತು. ಆದರೆ 226ನೇ ಕಲಂ ಏನು ಹೇಳುತ್ತದೆ? ಸರ್ಕಾರಿ ನೌಕರನ ಮೇಲೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ ಆಗಬಹುದು. ಅಂದರೆ ಮನೆಯ ಮೂಲೆಯಲ್ಲಿ ಸಾಯಹೊರಟವನು ರೋಗಿ, ಕಚೇರಿಯ ಮುಂದೆ ಸಾಯಹೊರಟವನು ಅಪರಾಧಿ!

ಎರಡನೆಯ ಬರಹ ತೀರ್ಪು. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸಾದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಕೆ.ಇ.ಎಂ. ಆಸ್ಪತ್ರೆಯಲ್ಲೇ ಬರ್ಬರ ದಾಳಿ ನಡೆಯಿತು. ಆಮೇಲೆ ಅವರು ಎಚ್ಚರಕ್ಕೆ ಮರಳಲೇ ಇಲ್ಲ. ಅವರ ಸಾವಿಗಾಗಿ ಸುಪ್ರೀಂ ಕೋರ್ಟಿಗೆ ಹೋದವರು ಪತ್ರಕರ್ತೆ ಪಿಂಕಿ ವಿರಾನಿ. ಬೇಡವೆಂದವರು ಅವರನ್ನು ದಿನಾ ತೊಳೆದು ಉಣಿಸಿದ ನರ್ಸುಗಳು. 2011ರ ಮಾರ್ಚ್ 7ರಂದು ಕೋರ್ಟು ಅರುಣಾ ಕುರಿತ ಬೇಡಿಕೆಯನ್ನು ತಳ್ಳಿತು, ಆದರೆ ಜೀವ ಹಿಡಿದಿಟ್ಟ ಚಿಕಿತ್ಸೆಯನ್ನು ಕೆಲವು ಸಂದರ್ಭಗಳಲ್ಲಿ ನಿಲ್ಲಿಸಬಹುದು ಎಂದಿತು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು. ಅಂದರೆ 41 ವರ್ಷ ದಾಟಿದ ಶುಶ್ರೂಷೆ. ಎರಡು ಕಡೆಯ ಮಾತಿನಲ್ಲೂ ಸತ್ಯವಿದೆ. ಅರುಣಾಗೆ ಏನು ಬೇಕಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಈ ಕೊರತೆ ತುಂಬಿದ್ದು 2018ರ ಮಾರ್ಚ್ 9ರ 'ಕಾಮನ್ ಕಾಸ್' ತೀರ್ಪು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಂತ್ರದ ಮೇಲೆ ಬದುಕಿಸಬೇಡಿ ಎಂದು ಮೊದಲೇ ಬರೆದಿಡಬಹುದು. 2023ರಲ್ಲಿ ಅದರ ವಿಧಾನ ಸರಳವಾಯಿತು. ಕರ್ನಾಟಕದ ಸುತ್ತೋಲೆಯ ಪ್ರಕಾರ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಲ್ಲಿ ಇಂದಿಗೂ ಕಾನೂನುಬಾಹಿರ. ಇದಕ್ಕಾಗಿ ಎರಡು ದಶಕಕ್ಕೂ ಮೇಲ್ಪಟ್ಟು ಪತ್ರ ಬರೆದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರ ಹಠವನ್ನು ನಾವು ಗೌರವಿಸುತ್ತೇವೆ. ಸಾಯುತ್ತಿರುವ ದೇಹವನ್ನು ಹಿಂಸಿಸಿ ಬಿಲ್ಲು ಏರಿಸುವ ವ್ಯವಸ್ಥೆಗೆ ಇದು ತಕ್ಕ ಉತ್ತರ.

ಪ್ರಾಣ ದೇವರದ್ದು, ಮುಟ್ಟಬೇಡಿ ಎನ್ನುವ ಪುರೋಹಿತಶಾಹಿಯ ಮಾತು ನಮ್ಮದಲ್ಲ. ಇದೇ ನಾಡು ಶ್ರವಣಬೆಳಗೊಳದ ಬಂಡೆಗಳ ಮೇಲೆ ಸಲ್ಲೇಖನದ ಸಾವನ್ನು ಕೊರೆದು ಪೂಜಿಸಿದೆ. ಕೂಲಿಯವನು ಸತ್ತರೆ ಮಾತ್ರ ಹೇಡಿ ಎನ್ನುತ್ತದೆ. 2021ರಲ್ಲಿ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,64,033. ಅದರಲ್ಲಿ ದಿನಗೂಲಿಯವರು 42,004 ಮಂದಿ. ಇವರಿಗೆ ಸಾಯುವ ಹಕ್ಕು ಯಾರೂ ಕೊಡಬೇಕಾಗಿರಲಿಲ್ಲ.

ಮೂರನೆಯ ಬರಹ ದೂರದ್ದು, ನೆದರ್ಲೆಂಡ್ಸಿನದು. ಅಲ್ಲಿ 2002ರಿಂದ ವೈದ್ಯರ ನೆರವಿನ ಸಾವಿಗೆ ಕಾನೂನಿದೆ. ಯಾತನೆ ಸಹಿಸಲಾಗದ್ದು, ಸುಧಾರಿಸುವ ಆಸೆಯಿಲ್ಲದ್ದು ಎಂದಾಗಬೇಕು, ಆದರೆ ಸಾವು ಹತ್ತಿರ ಇರಬೇಕೆಂದಿಲ್ಲ. ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇದ್ದು ಹೀಗೆ ಸತ್ತ 39 ಜನರ ವರದಿಗಳನ್ನು ಸಂಶೋಧಕರು ಓದಿ 2023ರಲ್ಲಿ ಪ್ರಕಟಿಸಿದರು. ನೂರಕ್ಕೆ 77 ಪ್ರಕರಣಗಳಲ್ಲಿ ಸಾವು ಕೇಳಲು ಕೊಟ್ಟ ಕಾರಣಗಳಲ್ಲಿ ಒಂಟಿತನವೂ ಇತ್ತು. ಮೂರರಲ್ಲಿ ಒಂದು ಪಾಲು ಪ್ರಕರಣಗಳಲ್ಲಿ, ಇದು ಚಿಕಿತ್ಸೆಯಿಲ್ಲದ ಸ್ಥಿತಿ, ಆದ್ದರಿಂದ ಸುಧಾರಣೆಯ ಆಸೆಯಿಲ್ಲ ಎಂದು ವೈದ್ಯರು ಬರೆದಿದ್ದರು.

ಗೆಳೆಯರೇ, ಇಲ್ಲಿ ನಿಂತು ಓದಬೇಕು. ಆಟಿಸಂ ಜ್ವರದ ಹಾಗೆ ಬಂದು ಹೋಗುವ ರೋಗವಲ್ಲ. ಸದ್ದು, ಬೆಳಕು, ಜನರ ಮಾತು ಇವನ್ನೆಲ್ಲ ಬೇರೆ ರೀತಿ ಗ್ರಹಿಸುವ, ಹುಟ್ಟಿನಿಂದ ಬಂದ ಮನಸ್ಸಿನ ಕಟ್ಟು ಅದು. ಅದು 'ಗುಣವಾಗದ್ದು' ನಿಜ. ಆದರೆ ಒಂಟಿತನ? ಅದನ್ನು ಮಾಡಿದವರು ಸುತ್ತಲಿನ ಜನ. ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ, ಅನುಭವಿಸಬೇಕು ಎಂಬ ಮಾತನ್ನು ನಾವು ಬೇರೆ ಕಡೆ ಕೇಳಿದ್ದೇವೆ. ನಮ್ಮ ನೋವು ನಮ್ಮ ಹುಟ್ಟಿನಲ್ಲಿಲ್ಲ, ಹುಟ್ಟನ್ನು ಕಂಡು ಬಾಗಿಲು ಹಾಕುವವರಲ್ಲಿದೆ ಎಂದು ಹೇಳಲು ಒಂದು ಚಳವಳಿಯೇ ಬೇಕಾಯಿತು. ಖಿನ್ನತೆಯದು ಇನ್ನೊಂದು ತೊಡಕು. ನಾಳೆ ಎಂಬುದೇ ಇಲ್ಲ ಅನಿಸುವುದೇ ಆ ರೋಗದ ಲಕ್ಷಣ. ಹಾಗಾದರೆ ಅರ್ಜಿ ಬರೆಯುತ್ತಿರುವ ಕೈ ಯಾರದು, ಮನುಷ್ಯನದೋ ರೋಗದ್ದೋ?

ಎದುರು ಮಾತೂ ಇದೆ. ಮನಸ್ಸಿನ ನೋವು ದೇಹದ ನೋವಿಗಿಂತ ಕಡಿಮೆಯೇ? ಆಟಿಸಂ ಇದ್ದವರಿಗೆ ತಮ್ಮ ಬದುಕನ್ನು ತಾವೇ ತೀರ್ಮಾನಿಸುವ ಬುದ್ಧಿ ಇಲ್ಲವೇ? ಇದೆ, ಖಂಡಿತ ಇದೆ. ನೋವೂ ಕಡಿಮೆಯದಲ್ಲ. ಆದರೆ ಆಯ್ಕೆ ಅನ್ನಬೇಕಾದರೆ ಎರಡು ಬಾಗಿಲು ತೆರೆದಿರಬೇಕು. ಒಂದಕ್ಕೆ ಬೀಗ ಹಾಕಿ ಇನ್ನೊಂದನ್ನು ಹಕ್ಕು ಎಂದು ತೋರಿಸಿದರೆ ಅದನ್ನು ಸ್ವಾತಂತ್ರ್ಯ ಅನ್ನಲಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಆ ಬೀಗ ಎಲ್ಲರ ಕಣ್ಣೆದುರಿಗೇ ಇದೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ದಕ್ಷಿಣ ಕನ್ನಡ, ಉಡುಪಿಯ ಗೇರುತೋಟಗಳಲ್ಲೂ ಸುರಿದರು. ಎಣ್ಮಕಜೆಯ ವೈದ್ಯ ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಕೂಗಿ ಹೇಳಿದ ಮೇಲೆ ಜಗತ್ತು ಕೇಳಿಸಿಕೊಂಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಕೇರಳಕ್ಕೆ ಹೇಳಿದ್ದು 2017ರಲ್ಲಿ. ಮಲಗಿದಲ್ಲೇ ಬೆಳೆದ ಮಕ್ಕಳ ತಾಯಂದಿರನ್ನು ಒಂದೇ ಪ್ರಶ್ನೆ ತಿನ್ನುತ್ತದೆ: 'ನಾನು ಸತ್ತ ಮೇಲೆ ಇದಕ್ಕೆ ಯಾರು?' ಈ ಪ್ರಶ್ನೆಗೆ ಚುಚ್ಚುಮದ್ದು ಉತ್ತರವಲ್ಲ. ಹಗಲು ಪಾಲನಾ ಕೇಂದ್ರ, ಮನೆಗೆ ಬರುವ ನರ್ಸು, ತಿಂಗಳು ತಪ್ಪದ ಪಿಂಚಣಿ ಉತ್ತರ. ತಮ್ಮ ರೋಗ ಕೊರಗರ ಮೈಗೆ ಹೋಗಲಿ ಎಂದು ಉಗುರು ಕೂದಲು ಬೆರೆಸಿದ ಅನ್ನ ಉಣಿಸಿದ ನೆಲ ಇದು. ಆ ಅಜಲನ್ನು ನಿಷೇಧಿಸುವ ಕಾಯ್ದೆ ಬಂದದ್ದೇ 2000ದಲ್ಲಿ. ಇಂಥಲ್ಲಿ 'ಹೊರೆ' ಎಂಬ ಮಾತು ಕಾನೂನಿನೊಳಗೆ ಬಂದರೆ ಯಾರ ಮೈಮೇಲೆ ಬೀಳುತ್ತದೆ, ಹೇಳಬೇಕೆ?

ನಮ್ಮ ಕುಂದಾಪುರದವರೇ ಆದ ವೈದೇಹಿಯವರ 'ಅಕ್ಕು' ಕತೆಯನ್ನು ಇದಕ್ಕಾಗಿಯೇ ಮತ್ತೆ ಓದಬೇಕು. ಮನೆಯವರೆಲ್ಲ ಮರುಳೆಂದ ಹೆಣ್ಣು ಅಕ್ಕು. ಕತೆ ಓದುತ್ತಾ ಹೋದಂತೆ ನಮ್ಮ ಕಣ್ಣು ಅವಳ ಮರುಳಿನಿಂದ ಸರಿದು ಮನೆಯ ಮೇಲೆ ಬೀಳುತ್ತದೆ. ಅವಳನ್ನು ಮರುಳೆನ್ನುವ ಬಾಯಿಗಳನ್ನು ನೋಡುತ್ತೇವೆ. ದಯಾಮರಣದ ಅರ್ಜಿಯನ್ನು ಓದಬೇಕಾದದ್ದೂ ಹೀಗೆಯೇ.

ಕಾನೂನಿನ ಪುಸ್ತಕದಲ್ಲಿ ಬದುಕಿನ ಹಕ್ಕೂ ಬರೆದಿದೆ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆಟಿಸಂ ಮತ್ತು ಮಾನಸಿಕ ಕಾಯಿಲೆ ಎರಡನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳಗೊಂಡಿದೆ. ಮನಸ್ಸು ಕುಸಿದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ಶಾಲೆಯ ಗೋಡೆಯ ಮೇಲೆ ಈ ನಂಬರು ಬರೆಯುವುದಕ್ಕೆ ಮೇಷ್ಟ್ರುಗಳು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇನ್ನು ಮುಂದೆ ಇಂಥ ಅರ್ಜಿ ಪತ್ರಿಕೆಯಲ್ಲಿ ಕಂಡರೆ ಆ ಪುಟವನ್ನು ಹರಿದಿಟ್ಟುಕೊಳ್ಳಿ. ಅದು ಯಾವ ಊರು, ಯಾವ ಪಿಂಚಣಿ, ಎಷ್ಟು ತಿಂಗಳು, ಯಾವ ಕಚೇರಿ ಎಂದು ಕೆಳಗೆ ಗೆರೆ ಎಳೆಯಿರಿ. ಆಮೇಲೆ ಹತ್ತು ಜನ ಸೇರಿ ಆ ಕಚೇರಿಗೆ ಹೋಗಿ. ಅವರು ಕೇಳಿದ್ದು ಕೈಗೆ ಬರುವವರೆಗೂ ಅಲ್ಲಿಂದ ಏಳಬೇಡಿ.